ಬಿಳಿ ಮರಳಿನ ಚಿನ್ನ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಇರಲಿ. ಮೂಗೂ ನನ್ನದೇ, ಕೋಪವೂ ನನ್ನದೇ. ಆದರೆ ಆ ದಿನ ಪರೀಕ್ಷಾ ಕೋಣೆಯಲ್ಲಿ ಬಂದ ಕೋಪ ಮೂಗಿನ ತುದಿಯದಲ್ಲ, ಹೊಟ್ಟೆಯ ತಳದ್ದು.

ಗಣಿಯ ಲ್ಯಾಬಿಗೆ ಸೇರಿದ ತರಬೇತಿ ಶಾಲೆಯಲ್ಲಿ ನಾನು ಅದಿರು ಪರೀಕ್ಷೆ ಕಲಿಯುತ್ತಿದ್ದೆ. ಒಂದು ಹಿಡಿ ಕಲ್ಲಿನ ಪುಡಿಯಲ್ಲಿ ಚಿನ್ನ ಎಷ್ಟು, ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಕಂಡುಹಿಡಿಯುವ ವಿದ್ಯೆ ಅದು. ಪಾಸಾದವರಿಗೆ, ಹುದ್ದೆ ಖಾಲಿಯಾದ ಹಾಗೆ, ಮಹಡಿಯ ಮೇಲಿನ ಲ್ಯಾಬಿನಲ್ಲಿ ಕೆಲಸ. ಫೇಲಾದವರಿಗೆ ದಾರಿ ನೋಡಿಕೊಳ್ಳಿ ಎಂಬ ಆಶೀರ್ವಾದ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆ ಮಹಡಿ ಹತ್ತಿದವರಲ್ಲ. ಗಣಿಯೊಳಗೆ ಇಳಿಯುವ ಲಿಫ್ಟ್ ನಡೆಸುತ್ತಿದ್ದ ಅಪ್ಪ ಎದೆಯ ತುಂಬ ಧೂಳು ತುಂಬಿಕೊಂಡು ಹೋದರು. ಅಮ್ಮ ಅದೇ ಕಟ್ಟಡದ ನೆಲಮಾಳಿಗೆಯ ಪುಡಿ ಕೋಣೆಯಲ್ಲಿ ಕಲ್ಲು ಅರೆಯುತ್ತಾಳೆ, ಜರಡಿ ಹಿಡಿಯುತ್ತಾಳೆ, ಪುಡಿಯನ್ನು ಪೊಟ್ಟಣ ಕಟ್ಟಿ ನಂಬರು ಚೀಟಿ ಹಚ್ಚಿ ಮೇಲಕ್ಕೆ ಕಳಿಸುತ್ತಾಳೆ. ನಾನು ಶಾಲೆ ಸೇರಿದ ದಿನವೇ ಅವಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ: "ಅಲ್ಲಿ ನಾನು ನಿನ್ನ ಮಗಳಲ್ಲ. ನನಗೆ ಅಂತ ಏನೂ ವಿಶೇಷ ಮಾಡ್ಬೇಡ. ಆಮೇಲೆ ಅಮ್ಮನ ಸೆರಗು ಹಿಡ್ಕೊಂಡು ಬಂದೋಳು ಅಂತಾರೆ."

"ಆಯ್ತು ಕಣೆ ಮಹಾರಾಣಿ" ಎಂದಿದ್ದಳು.

ನಮಗೆ ಪಾಠ ಹೇಳುತ್ತಿದ್ದವರು ಲ್ಯಾಬಿನ ಮುಖ್ಯಸ್ಥರೇ. ನಾವು ಇಟ್ಟ ಹೆಸರು ದಶಾಂಶ ಸಾರ್. ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರೂ ಬಿಂದುವಿನ ಮುಂದೆ ಎರಡು ಅಂಕಿ ಹೇಳುವ ಆಸಾಮಿ. ಇಸ್ತ್ರಿ ಮಾಡಿದ ಬಿಳಿ ಕೋಟು, ಬೆರಳಿಗೆ ದಪ್ಪ ಚಿನ್ನದ ಉಂಗುರ. ಮಾತಿಗೊಮ್ಮೆ ಆ ಉಂಗುರದಿಂದ ಮೇಜಿಗೆ ಟಕ್ ಎಂದು ಬಡಿಯುತ್ತಿದ್ದರು, ನಾವು ತಲೆ ಎತ್ತಬೇಕು.

ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪೊಟ್ಟಣ ಅದಿರು, ಒಂದು ಪೊಟ್ಟಣ ಬಿಳಿ ಮರಳು. ಮರಳು ಖಾಲಿ ಪರೀಕ್ಷೆಗೆ. ಖಾಲಿ ಎಂದರೆ, ಚಿನ್ನದ ಹೆಸರೇ ಇಲ್ಲದ ಮರಳನ್ನು ಅದಿರೆಂದೇ ಭಾವಿಸಿ, ಅದಿರು ಹಾಯುವ ದಾರಿಯಲ್ಲೆಲ್ಲ ಅದನ್ನೂ ಹಾಯಿಸುವುದು. ಕೊನೆಗೆ ಏನೂ ಸಿಗಬಾರದು. ಸಿಕ್ಕಿತೋ, ನಿನ್ನ ಕೈಯಲ್ಲೋ ಸಾಮಾನಿನಲ್ಲೋ ಕೊಳೆ ಇದೆ ಎಂದರ್ಥ. ಏನೂ ಇಲ್ಲದ್ದನ್ನು ಇಲ್ಲ ಎಂದು ತೋರಿಸಲು ಬಾರದವಳು, ಇದ್ದದ್ದು ಎಷ್ಟಿದೆ ಎಂದು ಹೇಳಿದರೆ ನಂಬುವವರು ಯಾರು? ಇದು ನ್ಯಾಯವಾದ ಮಾತೇ. ಇದರ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ಮೂಸೆಗೆ, ಅಂದರೆ ಕರಗಿಸುವ ಮಣ್ಣಿನ ಕುಡಿಕೆಗೆ, ಮರಳು ಹಾಕಿದೆ. ಸೀಸದ ಹಳದಿ ಪುಡಿ, ಸೋಡಾ, ಬಿಳಿಗಾರ ಬೆರೆಸಿದೆ, ಒಂದು ಚೂರು ಬೆಳ್ಳಿ ಸೇರಿಸಿದೆ. ಕುಲುಮೆಯಲ್ಲಿ ಎಲ್ಲ ಕರಗಿದಾಗ ಸೀಸ ತಳಕ್ಕಿಳಿಯುತ್ತದೆ. ಇಳಿಯುವಾಗ ಎಲ್ಲೆಲ್ಲೋ ಅಡಗಿರುವ ಚಿನ್ನವನ್ನು ಬಾಚಿಕೊಂಡೇ ಇಳಿಯುತ್ತದೆ. ಆ ಸೀಸದ ಗುಂಡನ್ನು ಎಲುಬಿನ ಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಕುಡಿದುಬಿಡುತ್ತದೆ. ಉಳಿಯುವುದು ಸಾಸಿವೆಗಿಂತ ಸಣ್ಣ ಬೆಳ್ಳಿ ಮಣಿ. ಅದನ್ನು ಆಸಿಡ್ಡಿಗೆ ಹಾಕಿದರೆ ಬೆಳ್ಳಿ ಕರಗಿಹೋಗುತ್ತದೆ, ಚಿನ್ನವಿದ್ದರೆ ಮಾತ್ರ ಕಪ್ಪು ಚೂರಾಗಿ ಕೂರುತ್ತದೆ.

ನನ್ನ ಪಿಂಗಾಣಿ ಬಟ್ಟಲಿನ ತಳದಲ್ಲಿ ಕಪ್ಪು ಚೂರು ಕೂತಿತ್ತು.

ಕಣ್ಣುಜ್ಜಿಕೊಂಡು ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಇತ್ತು. ಬಟ್ಟಲನ್ನು ಕಾಯಿಸಿದಾಗ ಕಪ್ಪು ಹೋಗಿ ಹಳದಿಗೆ ತಿರುಗಿತು. ದಶಾಂಶ ಸಾರ್ ಹಿಂದೆ ಬಂದು ನಿಂತದ್ದು ಅವರ ಸೆಂಟಿನ ವಾಸನೆಯಿಂದ ಗೊತ್ತಾಯಿತು.

"ನೋಡ್ರಪ್ಪ, ಎಲ್ಲರೂ ಬನ್ನಿ ಇಲ್ಲಿ" ಎಂದರು. "ಮರಳಲ್ಲಿ ಚಿನ್ನ ಬೆಳೆಯೋ ಹುಡುಗಿ ಸಿಕ್ಕಿದ್ದಾಳೆ. ಇನ್ಮೇಲೆ ಗಣಿ ಯಾಕೆ, ಮುಚ್ಚಿಬಿಡೋಣ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದ ಬೆಂಚಿನ ಹೌದಪ್ಪ. ಅದೂ ನಾವೇ ಇಟ್ಟ ಹೆಸರು. ಸಾರ್ ಕೆಮ್ಮಿದರೂ ಹೌದು ಸಾರ್ ಎನ್ನುವ ಪ್ರಾಣಿ. ಅವನ ಮರಳು ಖಾಲಿಯಾಗಿಯೇ ಬಂದಿತ್ತು. ಎಲ್ಲರದೂ ಖಾಲಿಯಾಗಿಯೇ ಬಂದಿತ್ತು, ನನ್ನದೊಂದು ಬಿಟ್ಟು.

"ಗಲೀಜು ಕೈ" ಎಂದರು ಸಾರ್. "ಗುರುವಾರ ಮತ್ತೆ ಮಾಡು."

ಮನೆಗೆ ಬಂದವಳೇ ಚೀಲ ಎಸೆದೆ. ನಮ್ಮದು ಎರಡೇ ಕೋಣೆ, ಎಸೆದದ್ದು ಅಡುಗೆಮನೆಗೆ ಹೋಗಿ ಬಿತ್ತು. ಅಮ್ಮ ಅದನ್ನು ಎತ್ತಿ ಮೊಳೆಗೆ ತಗುಲಿಸಿ, ತಟ್ಟೆ ಇಟ್ಟು, ಬಡಿಸಿ, ಆಮೇಲೆ ಕೇಳಿದಳು. ನಾನು ಉರಿದುಕೊಂಡೇ ಹೇಳಿದೆ. ಗಲೀಜು ಕೈಯಂತೆ. ನನ್ನ ಕೈ! ಉಗುರಿನ ಸಂದಿಯನ್ನೂ ಬ್ರಷ್ಷಿನಿಂದ ತಿಕ್ಕಿ ತೊಳೆಯುವ ಕೈ!

"ಮರಳೇ ಸರಿಯಿಲ್ವೇನೋ" ಎಂದಳು ಅಮ್ಮ ಮೆಲ್ಲಗೆ. ಯೋಚನೆಗೆ ಬಿದ್ದಾಗ ಬೆರಳಿನ ಉಂಗುರ ತಿರುಗಿಸುವುದು ಅವಳ ಅಭ್ಯಾಸ. ಸವೆದು ತಂತಿಯಾಗಿದ್ದ ಉಂಗುರ ಅದು. ಅಪ್ಪ ಮೊದಲ ಸಂಬಳದಲ್ಲಿ ಕೊಡಿಸಿದ್ದು. ಗೆಣ್ಣು ದಪ್ಪವಾಗಿ ಅದು ಬೆರಳಿನಿಂದ ಹೊರಗೆ ಬರುತ್ತಲೂ ಇರಲಿಲ್ಲ.

"ಮರಳು ಎಲ್ಲರಿಗೂ ಅದೇ ಅಮ್ಮ. ಒಂದೇ ಮೂಟೆಯದು."

"ಏನೋ ಕಸ ಸೇರಿರುತ್ತೆ. ಯೋಚ್ನೆ ಮಾಡ್ಬೇಡ, ಉಣ್ಣು."

ಗುರುವಾರ ಹೊಸ ಮೂಸೆ ತೆಗೆದುಕೊಂಡೆ. ಕೆಳಗಿನಿಂದ ಬಂದ ಹೊಸ ಪೊಟ್ಟಣ ಬಿಚ್ಚಿದೆ. ಉಸಿರು ಬಿಗಿಹಿಡಿದು ಎಲ್ಲ ಮಾಡಿದೆ. ಕೊನೆಗೆ ಕಪ್ಪು ಚೂರು ಕೂತೇ ಇತ್ತು, ಅದೂ ಮೊದಲಿನದಕ್ಕಿಂತ ದೊಡ್ಡದು.

ಈ ಸಲ ಸಾರ್ ನಗಲಿಲ್ಲ. ಚೂರನ್ನು ತಾವೇ ತೂಗಿದರು, ಉಂಗುರದ ಕೈಯಿಂದ ಮೇಜಿಗೆ ಟಕ್ ಟಕ್ ಎಂದು ಬಡಿದರು. "ಒಂದು ಸಲ ಆದ್ರೆ ಗಲೀಜು. ಎರಡನೇ ಸಲ ಇನ್ನೂ ಜಾಸ್ತಿ ಬಂದ್ರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಶೀಶೆಯಲ್ಲಿರೋ ಚಿನ್ನದ ಚೂರುಗಳ ಹತ್ತಿರ ನಿನ್ನ ಕೈ ಹೋಗಿತ್ತಾ?"

ಪರೀಕ್ಷೆ ಮುಗಿದ ಮೇಲೆ ಉಳಿಯುವ ಚಿನ್ನದ ಚೂರುಗಳನ್ನೆಲ್ಲ ಒಂದು ಪುಟ್ಟ ಶೀಶೆಗೆ ಹಾಕಿ ಬೀಗ ಹಾಕಿಡುತ್ತಿದ್ದರು. ಅದು ಲ್ಯಾಬಿನ ಸ್ವತ್ತು.

"ಏನ್ ಹಾಗಂದ್ರೆ ಸಾರ್?"

"ಚಿನ್ನ ಮುಟ್ಟಿದ ಕೈಗೆ ಚಿನ್ನ ಅಂಟುತ್ತೆ ಅಂತ. ಕಳ್ಳರ ಕೈ ಎಷ್ಟು ತೊಳೆದ್ರೂ ಅಷ್ಟೆ. ಸೋಮವಾರ ಕೊನೇ ಅವಕಾಶ. ಅವತ್ತೂ ಹೀಗೇ ಆದ್ರೆ ಶಾಲೆಯ ಬಾಗಿಲು ಅಲ್ಲಿದೆ."

ಇಡೀ ಕೋಣೆ ಕೇಳಿಸಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ನನ್ನ ಮೈಮೇಲೆ ಬಿತ್ತು. ಎತ್ತು ಯಾವುದೆಂದೇ ನನಗೆ ಗೊತ್ತಿರಲಿಲ್ಲ.

ಅಳುವವಳು ನಾನಲ್ಲ. ಹಲ್ಲು ಕಚ್ಚಿಕೊಂಡು ಹುಡುಕಲು ಕೂತೆ. ಇದೇ ದಶಾಂಶ ಸಾರ್ ಕಲಿಸಿದ ವಿಧಾನ: ತಪ್ಪು ಎಲ್ಲಿದೆಯೆಂದು ಗೊತ್ತಾಗಬೇಕಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸು. ಸೀಸದ ಪುಡಿಯನ್ನು ಮರಳಿಲ್ಲದೆ ಕರಗಿಸಿದೆ, ಏನೂ ಬರಲಿಲ್ಲ. ಬೆಳ್ಳಿಯನ್ನು ಬರಿದೇ ಆಸಿಡ್ಡಿಗೆ ಹಾಕಿದೆ, ಏನೂ ಬರಲಿಲ್ಲ. ಬೂದಿಯ ಬಟ್ಟಲು, ಸೋಡಾ, ಬಿಳಿಗಾರ, ಇಕ್ಕಳ, ಚಿಮಟ, ಒಂದನ್ನೂ ಬಿಡಲಿಲ್ಲ. ಕುಲುಮೆಯ ಮುಂದೆ ನಿಂತು ನಿಂತು ಮುಖದ ಚರ್ಮ ಬಿಗಿದುಕೊಂಡಿತು. ಒಂದೊಂದು ಸಾಮಾನೂ ಶುದ್ಧವೆಂದು ತೋರಿದಾಗ ಸಮಾಧಾನವಾಗಬೇಕಿತ್ತು. ನನಗೆ ಮೈ ಇನ್ನಷ್ಟು ಉರಿಯಿತು. ಎಲ್ಲವೂ ಸಾಚಾ ಆದರೆ ಕಳ್ಳಿ ನಾನೇ ಆದೆನಲ್ಲ!

ಶನಿವಾರ ಮಧ್ಯಾಹ್ನ ಉಗ್ರಾಣಕ್ಕೆ ಹೋಗಿ ಮರಳಿನ ಮೂಟೆ ಬಿಚ್ಚಿಸಿ, ನನ್ನ ಕೈಯಾರೆ ಒಂದು ಹಿಡಿ ತಂದೆ. ನೇರವಾಗಿ ಮೂಸೆಗೆ ಹಾಕಿದೆ. ಅದರ ಪಕ್ಕದಲ್ಲಿ, ಕೆಳಗಿನಿಂದ ಬಂದ ನನ್ನ ಪೊಟ್ಟಣದಲ್ಲಿ ಉಳಿದಿದ್ದ ಮರಳನ್ನೂ ಇನ್ನೊಂದು ಮೂಸೆಗೆ ಹಾಕಿದೆ.

ಮೂಟೆಯ ಮರಳು ಖಾಲಿ. ಪೊಟ್ಟಣದ ಮರಳಿನಲ್ಲಿ ಚಿನ್ನ.

ಆಗ ಹೊಳೆಯಿತು. ಮೂಟೆಗೂ ನನ್ನ ಮೇಜಿಗೂ ನಡುವೆ ಇರುವುದು ಒಂದೇ ಜಾಗ, ಪುಡಿ ಕೋಣೆ. ಎಲ್ಲರ ಪೊಟ್ಟಣವೂ ಅಲ್ಲಿಂದಲೇ ಬರುತ್ತದೆ, ಕೆಟ್ಟದ್ದು ಮಾತ್ರ ನನ್ನ ನಂಬರಿನದು. ಅಂದರೆ ಯಾರೋ ಬೇಕೆಂದೇ ನನ್ನ ಪೊಟ್ಟಣಕ್ಕೆ ಕೈ ಹಾಕುತ್ತಿದ್ದಾರೆ! ಹೌದಪ್ಪನೇ ಇರಬೇಕು. ಲ್ಯಾಬಿನಲ್ಲಿ ಖಾಲಿ ಇದ್ದದ್ದು ಒಂದೇ ಹುದ್ದೆ, ಅಂಕಗಳ ಪಟ್ಟಿಯಲ್ಲಿ ಅವನ ಮುಂದೆ ಇದ್ದವಳು ನಾನು. ಅವನನ್ನು ಕೈ ಹಾಕುವಾಗಲೇ ಹಿಡಿಯಬೇಕು, ಹಿಡಿದು ಕುಲುಮೆಯ ಮುಂದೆ ನಿಲ್ಲಿಸಬೇಕು. ಸೋಮವಾರದ ಪರೀಕ್ಷೆಯ ಪೊಟ್ಟಣಗಳನ್ನು ಅದೇ ಹೊತ್ತಿಗೆ ಕೆಳಗೆ ಕಟ್ಟುತ್ತಿದ್ದರು. ಮೆಟ್ಟಿಲಿಳಿದು ಓಡಿದೆ.

ವಿದ್ಯಾರ್ಥಿಗಳಿಗೆ ಅಲ್ಲಿಗೆ ಪ್ರವೇಶವಿರಲಿಲ್ಲ. ದಶಾಂಶ ಸಾರ್ ಅಂತೂ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ, ಕೋಟಿಗೆ ಧೂಳು ಮೆತ್ತುತ್ತದೆಂದು. ಬಾಗಿಲು ತೆರೆದಿತ್ತು. ಒಳಗೆ ಅರೆಯುವ ಯಂತ್ರ ನಿಂತಿತ್ತು, ಅಲ್ಲಾಡಿಸುವ ಯಂತ್ರದಲ್ಲಿ ಜರಡಿಗಳು ತಾವೇ ಅಲ್ಲಾಡುತ್ತಿದ್ದವು. ಎಲ್ಲರ ಮರಳೂ ಅದರಲ್ಲೇ ಜರಡಿಯಾಗುವುದು. ಹೌದಪ್ಪ ಅಲ್ಲಿರಲಿಲ್ಲ. ಅಮ್ಮ ಇದ್ದಳು.

ಅಮ್ಮ ನೆಲದ ಮೇಲೆ ಹಾಸಿದ ಬಟ್ಟೆಯ ಮುಂದೆ ಕೂತಿದ್ದಳು. ಮಡಿಲಿನಲ್ಲಿ ಹಿತ್ತಾಳೆಯ ಕೈಜರಡಿ. ಯಂತ್ರದಲ್ಲಿ ಜರಡಿಯಾಗಿ ಬಂದಿದ್ದ ಒಂದು ಪೊಟ್ಟಣವನ್ನು ಮತ್ತೆ ಬಿಚ್ಚಿ ಕೈಜರಡಿಗೆ ಸುರಿದುಕೊಂಡು, ಬೆರಳುಗಳಿಂದ ಉಜ್ಜಿ ಉಜ್ಜಿ ಇಳಿಸುತ್ತಿದ್ದಳು. ಕೆಳಗೆ ಬಿದ್ದದ್ದನ್ನು ಬಾಚಿ ಮತ್ತೆ ಜರಡಿಗೆ ಹಾಕುತ್ತಿದ್ದಳು. ಪಕ್ಕದಲ್ಲಿದ್ದ ಚೀಟಿಯಲ್ಲಿ ನನ್ನ ನಂಬರು.

ಅವಳ ಬೆರಳು ಹಿತ್ತಾಳೆ ಬಲೆಯ ಮೇಲೆ ಹೋಗಿ ಬರುವಾಗ ಉಂಗುರವೂ ಹೋಗಿ ಬರುತ್ತಿತ್ತು. ಮರಳು ಅದನ್ನು ತಿಕ್ಕುತ್ತಿತ್ತು, ಕರ್ ಕರ್ ಎಂದು.

ಪಾಠ ನೆನಪಾಯಿತು. ದಶಾಂಶ ಸಾರ್ ತಮ್ಮ ಉಂಗುರದ ಕೈಯನ್ನೇ ಎತ್ತಿ ಹೇಳಿದ್ದರು: ಚಿನ್ನ ಮೆತ್ತಗಿನ ಲೋಹ, ಕಲ್ಲಿನ ಪುಡಿಗೆ ತಾಗಿದರೆ ಸವೆಯುತ್ತದೆ, ಪುಡಿ ಮಾಡುವ ಜಾಗಕ್ಕೆ ಚಿನ್ನ ತೊಟ್ಟವರು ಕಾಲಿಡಬಾರದು. ಬರೆಯುವ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ನಾನು ಒಂದೂ ಮಾತು ಬಿಡದೆ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

"ಅಮ್ಮಾ!" ಎಂದು ಕಿರುಚಿದೆ. "ಕೈ ತೆಗಿ! ತೆಗಿಯಮ್ಮ ಕೈನ!"

ಅವಳು ಬೆಚ್ಚಿಬಿದ್ದಳು, ಜರಡಿ ಉರುಳಿತು.

"ನನಗೆ ಅಂತ ಏನೂ ಮಾಡ್ಬೇಡ ಅಂದಿರ್ಲಿಲ್ವಾ ನಾನು? ಅಂದಿರ್ಲಿಲ್ವಾ? ಯಾರ್ ಹೇಳಿದ್ರು ನಿನಗೆ ಎರಡೆರಡು ಸಲ ಜರಡಿ ಹಿಡಿ ಅಂತ?"

"ಮೂರು ಸಲ" ಎಂದಳು ಅಮ್ಮ, ಏನಾಗಿದೆಯೆಂದು ತಿಳಿಯದೆ. "ಯಂತ್ರ ನುಣ್ಣಗೆ ಮಾಡಲ್ಲ ಕಣೆ. ಮೊದಲನೇ ಸಲ ಕಸ ಬಂತು ಅಂದ್ಯಲ್ಲ, ಅದಕ್ಕೆ ಆಮೇಲೆ ಇನ್ನೂ ಚೆನ್ನಾಗಿ ಉಜ್ಜಿದೆ. ಕೈಯಲ್ಲಿ ಮಾಡಿದ್ದು ಕೈಯಲ್ಲಿ ಮಾಡಿದ್ದೇ."

"ಆ ಕೈಯಿಂದಲೇ ನಾನು ಕಳ್ಳಿ ಅನ್ನಿಸ್ಕೊಂಡೆ!" ಎಂದೆ. ಕಳ್ಳಿ ಎಂಬ ಮಾತನ್ನು ಅಲ್ಲಿಯವರೆಗೆ ಅವಳಿಗೆ ಹೇಳಿರಲಿಲ್ಲ. ಈಗ ಎಲ್ಲವನ್ನೂ ಹೇಳಿದೆ, ಉಗುಳಿದ ಹಾಗೆ. ಶೀಶೆ, ಅಂಟುವ ಕೈ, ಸೋಮವಾರ, ಉಂಗುರ, ಮರಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗೊತ್ತಿದ್ದೂ ಹೇಳಿದೆ.

ಅಮ್ಮ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. ಆ ಉಂಗುರದ ಮೇಲೆ ಒಂದು ಕಾಲದಲ್ಲಿ ಎರಡು ಎಲೆಗಳಿದ್ದವು. ನಾನು ಚಿಕ್ಕವಳಿದ್ದಾಗ ಅವಳ ಮಡಿಲಲ್ಲಿ ಮಲಗಿ ಆ ಎಲೆಗಳನ್ನು ಉಗುರಿನಿಂದ ಕೆರೆಯುತ್ತಿದ್ದೆ. ಈಗ ಅಲ್ಲಿ ಬರೀ ನುಣುಪು.

"ಪಾತ್ರೆ ತಿಕ್ಕಿ ಸವೀತು ಅಂದ್ಕೊಂಡಿದ್ದೆ" ಎಂದಳು. ಆಮೇಲೆ ತಲೆ ಎತ್ತಿದಳು. "ಚಿನ್ನ ಹಾಕ್ಕೊಂಡು ಇಲ್ಲಿಗೆ ಬರ್ಬಾರ್ದು ಅಂತ ನಿನಗೆ ಗೊತ್ತಿತ್ತಾ?"

"ಪಾಠದಲ್ಲಿತ್ತು."

"ಯಾವಾಗ?"

"ಶಾಲೆ ಸೇರಿದ ಹೊಸದರಲ್ಲೇ."

"ಆಮೇಲೂ ದಿನಾ ಈ ಕೈಯಿಂದಲೇ ಬಡಿಸ್ಕೊಂಡು ಉಂಡೆ." ಅಮ್ಮನಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಅವರು ಹೇಳ್ಲಿಲ್ಲ, ಸರಿ. ಅವರಿಗೆ ನಾನು ಯಾರು? ನೀನೂ ಹೇಳ್ಲಿಲ್ಲ. ಒಂದು ಮಹಡಿ ಇಳ್ಕೊಂಡು ಬಂದು ಅಕ್ಕಾ, ಅಮ್ಮಾ, ಉಂಗುರ ತೆಗೆದಿಡು ಅನ್ನೋಕೆ ನಿಮ್ಮಲ್ಲಿ ಯಾರಿಗೂ ಕಾಲಿರ್ಲಿಲ್ವಾ? ಪಾಠ ಎಲ್ಲ ಮೇಲಿನವರಿಗೆ, ಧೂಳೆಲ್ಲ ಕೆಳಗಿನವರಿಗೆ. ಅಲ್ವೇನೆ?"

ತಪ್ಪು ನನ್ನದಾದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ. ಆ ಸಿಟ್ಟನ್ನೇ ಹೊತ್ತು ಮೆಟ್ಟಿಲೇರಿ ದಶಾಂಶ ಸಾರ್ ಕೋಣೆಗೆ ನುಗ್ಗಿದೆ.

ಅವರು ಮನೆಗೆ ಹೊರಡಲು ಕೋಟು ಬಿಚ್ಚುತ್ತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ, ನನ್ನ ಪೆದ್ದುತನ. ಅವರು ಹೋಗಿ ಬಾಗಿಲು ಹಾಕಿದರು.

"ಎಷ್ಟು ವರ್ಷದಿಂದ ಇದೆ ಆ ಉಂಗುರ?"

"ನಾನು ಹುಟ್ಟೋಕೆ ಮುಂಚೆಯಿಂದ."

"ಗಣಿಯ ಅದಿರನ್ನೂ ಕೈಯಲ್ಲಿ ಉಜ್ಜುತ್ತಾಳಾ?"

"ಒದ್ದೆ ಮಣ್ಣು ಇದ್ದದ್ದು ಯಂತ್ರದಲ್ಲಿ ಇಳಿಯಲ್ಲ. ಅದನ್ನೆಲ್ಲ ಕೈಯಲ್ಲೇ."

ಅವರ ಮುಖ ಬೂದಿಯಾಯಿತು. ಉಂಗುರದ ಚಿನ್ನವೂ ಸೇರಿದ್ದ ಆ ಪುಡಿಯನ್ನು ಪರೀಕ್ಷಿಸಿ ಹೊರಬಿದ್ದ ಅಂಕಿಗಳಿಗೆಲ್ಲ ಸಹಿ ಅವರದ್ದೇ, ಬಿಂದುವಿನ ಮುಂದೆ ಎರಡು ಅಂಕಿಯೊಂದಿಗೆ. ಆಮೇಲೆ ಮಗಳನ್ನು ಮಾತಾಡಿಸುವ ದನಿ ತಂದುಕೊಂಡರು.

"ನೋಡಮ್ಮ, ನೀನು ಜಾಣೆ. ಈ ಉಂಗುರದ ಮಾತು ಈ ಕೋಣೆಯಿಂದ ಆಚೆ ಹೋಗ್ಬಾರ್ದು. ಸೋಮವಾರ ಮೂಟೆಯಿಂದಲೇ ಮರಳು ತಗೊ, ಖಾಲಿ ಬರುತ್ತೆ, ನೀನು ಪಾಸ್. ಹಿಂದೆ ಬಂದ ಚಿನ್ನಕ್ಕೆ ಒಂದು ಕಾರಣ ಬೇಕಲ್ಲ. ಅದಿರು ಕರಗಿಸಿದ ಹಳೇ ಮೂಸೇನೇ ಮತ್ತೆ ಬಳಸಿದ್ದೆ, ನನ್ನದೇ ತಪ್ಪು ಅಂತ ಎಲ್ಲರೆದುರು ಒಂದು ಮಾತು ಹೇಳ್ಬಿಡು. ನಿಮ್ಮಮ್ಮನ್ನ ಸದ್ದಿಲ್ಲದೆ ಗುಡಿಸೋ ಕೆಲಸಕ್ಕೆ ಹಾಕ್ತೀವಿ. ಎಲ್ಲರಿಗೂ ಒಳ್ಳೇದು."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ವರ್ಷವಿಡೀ ನಮಗೆ ಸತ್ಯದ ಬಗ್ಗೆ, ತೂಕದ ಬಗ್ಗೆ ಬೋಧಿಸಿದ ಬಾಯಿ ಇದು. ಆದರೂ ಸುಳ್ಳೇಕೆ, ನನ್ನ ನಾಲಿಗೆ ಆ ಕ್ಷಣ ಏಳಲಿಲ್ಲ. ಪಾಸ್ ಎಂಬ ಮಾತು ಅಷ್ಟು ಹತ್ತಿರವಿತ್ತು. ಬಾಗಿಲು ತೆರೆದು ಹೊರಗೆ ಬಂದೆ.

ಸಂಜೆ ಅಮ್ಮ ಸೋಪಿನ ನೀರಿನಲ್ಲಿ ಬೆರಳು ಅದ್ದಿ ಉಂಗುರ ಎಳೆಯುತ್ತ ಕೂತಿದ್ದಳು. ಬೆರಳು ಕೆಂಪಾಗಿತ್ತು, ಉಂಗುರ ಮಾತ್ರ ಗೆಣ್ಣು ದಾಟಿರಲಿಲ್ಲ. ನಾನು ಸಾರ್ ಮಾತನ್ನು ಹಾಗೆಯೇ ಒಪ್ಪಿಸಿದೆ.

"ನೀನೇನಂದೆ?"

"ಹ್ಞೂಂ ಅಂತಲೂ ಅನ್ಲಿಲ್ಲ, ಊಹೂಂ ಅಂತಲೂ ಅನ್ಲಿಲ್ಲ."

"ಗುಡಿಸೋದು ಬಿಡು, ಗುಡಿಸ್ತೀನಿ. ಕಳ್ಳಿ ಅಂದ್ರಲ್ಲ, ಅದರ ಬಗ್ಗೆ ಏನಂದ್ರು?"

"ಆ ಮಾತೇ ಎತ್ತಲಿಲ್ಲ."

ಅಮ್ಮ ಎಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು. "ಹಾಗಾದ್ರೆ ಇದು ಇನ್ನೆರಡು ದಿನ ಇಲ್ಲೇ ಇರ್ಲಿ. ಸೋಮವಾರ ನಾನೂ ಮೇಲಕ್ಕೆ ಬರ್ತೀನಿ."

ಸೋಮವಾರ ಬೆಳಿಗ್ಗೆ ಎಲ್ಲರೂ ಬೆಂಚುಗಳ ಹಿಂದೆ ನಿಂತಿದ್ದರು. ದಶಾಂಶ ಸಾರ್ ಹೊಸ ಇಸ್ತ್ರಿಯ ಕೋಟಿನಲ್ಲಿ ಬಂದು ಮೇಜಿಗೆ ಟಕ್ ಎಂದು ಬಡಿದರು. "ಈಕೆ ನಿಮಗೆಲ್ಲ ಒಂದು ಮಾತು ಹೇಳೋದಿದೆ. ಹೇಳಮ್ಮ."

"ನಾನು ಹಳೇ ಮೂಸೆ ಬಳಸಿಲ್ಲ ಸಾರ್" ಎಂದೆ.

ನಾನು ಬಾಗಿಲ ಕಡೆ ತಿರುಗಿ "ಬಾ ಅಮ್ಮ" ಎಂದೆ. ಅಮ್ಮ ಒಂದು ಕೈಯಲ್ಲಿ ಜರಡಿ, ಇನ್ನೊಂದರಲ್ಲಿ ಮರಳಿನ ಚೀಲ ಹಿಡಿದು ಒಳಗೆ ಬಂದಳು. ಅಷ್ಟು ವರ್ಷ ಆ ಕಟ್ಟಡದಲ್ಲಿ ದುಡಿದು ಆ ಕೋಣೆಯನ್ನು ಅವಳು ನೋಡಿದ್ದು ಅದೇ ಮೊದಲು. ಕಿಟಕಿ ಎಷ್ಟು ದೊಡ್ಡದಿದೆ ಎಂದು ಒಂದು ಗಳಿಗೆ ನೋಡಿದಳು.

"ಇದೇನು ಸಂತೆಯಾ?" ಎಂದು ಸಾರ್ ಗುಡುಗಿದರು. "ಕೆಳಗಡೆಯವರೆಲ್ಲ ಇಲ್ಲಿಗೆ ಯಾಕೆ?"

"ಒಂದೇ ಚೀಲದ ಮರಳು ಸಾರ್" ಎಂದೆ, ಬೆಂಚುಗಳಿಗೆಲ್ಲ ಕೇಳಿಸುವ ಹಾಗೆ. "ಅರ್ಧ ಹಾಗೇ ಮೂಸೆಗೆ ಹಾಕ್ತೀನಿ. ಇನ್ನರ್ಧ ನಮ್ಮಮ್ಮ ನಿಮ್ಮೆದುರಿಗೇ ಜರಡಿ ಹಿಡೀತಾಳೆ. ಬೇರೆ ಏನೂ ವ್ಯತ್ಯಾಸ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂತ ಕಲಿಸಿದ್ದು ನೀವೇ. ನೋಡೋದಾ, ಬೇಡ್ವಾ?"

ಸಾರ್ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ದನಿ ಬಂತು. "ಹೌದು ಸಾರ್, ನೋಡೋಣ."

ಹೌದಪ್ಪ! ಅಭ್ಯಾಸಬಲದಿಂದ ಬಂತೋ, ಬೇಕೆಂದೇ ಹೇಳಿದನೋ, ಅವನ ಮುಖ ನೋಡಿದರೆ ಅವನಿಗೇ ಗೊತ್ತಿದ್ದಂತಿರಲಿಲ್ಲ. ಅವನ ಹಿಂದೆಯೇ ಇನ್ನಿಬ್ಬರು ನೋಡೋಣ ಎಂದರು. ಅವನ ಮೇಲೆ ಸುಮ್ಮನೆ ಅನುಮಾನಪಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಮೊದಲ ದಿನದ ಆ ನಗುವಿಗೆ ಕ್ಷಮೆಯಿಲ್ಲ.

ಅಮ್ಮ ನೆಲದ ಮೇಲೆ ಬಟ್ಟೆ ಹಾಸಿ ಕೂತಳು. ಉಜ್ಜಿದಳು. ಕರ್ ಕರ್ ಸದ್ದು ಆ ದೊಡ್ಡ ಕೋಣೆಯ ತುಂಬ ಕೇಳಿಸಿತು. ಆಮೇಲೆ ಕುಲುಮೆ, ಸೀಸದ ಗುಂಡು, ಬೂದಿಯ ಬಟ್ಟಲು. ಹೊತ್ತು ಹಿಡಿಯುವ ಕೆಲಸ, ಯಾರೂ ಕದಲಲಿಲ್ಲ. ದಶಾಂಶ ಸಾರ್ ಹೋಗಲೂ ಆಗದೆ ನಿಲ್ಲಲೂ ಆಗದೆ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿಕೊಂಡಿದ್ದರು. ಅವರ ಬೆರಳಿನ ಉಂಗುರ ಬಿಸಿಲಿಗೆ ಹೊಳೆಯುತ್ತಿತ್ತು, ಅಂಗಡಿಯಿಂದ ನಿನ್ನೆ ತಂದದ್ದರಂತೆ. ಅದು ಎಂದೂ ಜರಡಿ ಮುಟ್ಟಿರಲಿಲ್ಲವಲ್ಲ.

ಎರಡು ಬೆಳ್ಳಿ ಮಣಿಗಳನ್ನು ಎರಡು ಪಿಂಗಾಣಿ ಬಟ್ಟಲಿನ ಆಸಿಡ್ಡಿಗೆ ಹಾಕಿದೆ. ಎಡಗಡೆಯದು ಗುಳ್ಳೆ ಬಿಟ್ಟು ಕರಗಿ ಮಾಯವಾಯಿತು. ಬಲಗಡೆಯದರಲ್ಲಿ ಕಪ್ಪು ಚೂರು ಉಳಿಯಿತು. ತೊಳೆದು ಕಾಯಿಸಿದೆ, ಹಳದಿಯಾಯಿತು. ಒಬ್ಬೊಬ್ಬರೇ ಬಂದು ಭೂತಗನ್ನಡಿಯಲ್ಲಿ ಬಗ್ಗಿ ನೋಡಿ, ಆಮೇಲೆ ಅಮ್ಮನ ಬೆರಳು ನೋಡಿ ಹೋದರು. ಯಾರೂ ನಗಲಿಲ್ಲ.

ದಶಾಂಶ ಸಾರ್ ಕೊನೆಗೆ ಬಂದು ನೋಡಿದರು. "ಆಯ್ತು. ಪರೀಕ್ಷೆ ಸರಿಯಾಗಿದೆ. ನೀನು ಪಾಸ್." ಅಮ್ಮನ ಕಡೆ ನೋಡದೆ ಸೇರಿಸಿದರು: "ನಿಮ್ಮಮ್ಮನ ಕೆಲಸದ ವಿಷಯ ಮೇಲಿನವರು ತೀರ್ಮಾನ ಮಾಡ್ತಾರೆ."

"ಮಾಡ್ಲಿ ಸಾರ್" ಎಂದಳು ಅಮ್ಮ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾರ್ ಚಿಮಟ ಎತ್ತಿಕೊಂಡು ಆ ಚೂರನ್ನು ಹಿಡಿದರು. ಬೀಗದ ಪೆಟ್ಟಿಗೆಯಿಂದ ಶೀಶೆ ತೆಗೆದು ಮುಚ್ಚಳ ತಿರುಗಿಸಿದರು.

"ಅದು ನಂದು ಸಾರ್" ಎಂದಳು ಅಮ್ಮ. "ಕೊಡಿ."

"ಏನು?"

"ಅದು ನಿಮ್ಮ ಗಣಿ ಚಿನ್ನ ಅಲ್ಲ. ನಮ್ಮನೆಯವರು ಕೊಡ್ಸಿದ್ದು. ಇಷ್ಟು ವರ್ಷ ನಿಮ್ಮ ಕಲ್ಲಿಗೆ ಹೋಗಿದ್ದು ಹೋಯ್ತು, ಅದನ್ನ ಕೇಳಲ್ಲ. ಇದನ್ನ ಕೊಡಿ."

ಸಾರ್‌ಗೆ ನಗು ಬಂತು; ಗೆದ್ದೆನೆಂಬ ನಗುವಲ್ಲ, ತಪ್ಪಿಸಿಕೊಳ್ಳುವ ನಗು. "ಕಣ್ಣಿಗೂ ಸರಿಯಾಗಿ ಕಾಣಲ್ಲ ಇದು. ಇಷ್ಟು ಚೂರಿಗೆ ಯಾಕಮ್ಮ ಜಗಳ?"

"ಇಷ್ಟು ಚೂರಿಗೇ ಅಲ್ವಾ ಸಾರ್ ನೀವು ನನ್ನ ಮಗಳನ್ನ ಕಳ್ಳಿ ಅಂದಿದ್ದು?"

ಅಮ್ಮನ ದನಿ ಇಳಿದಿತ್ತು. ಆ ಇಳಿದ ದನಿ ಹಿಂದಿನ ಬೆಂಚಿಗೂ ಕೇಳಿಸಿತು. ಅವಳು ಅಂಗೈ ಚಾಚಿಕೊಂಡು ನಿಂತಳು, ಬೇಡುವವಳ ಹಾಗಲ್ಲ, ಕೊಟ್ಟದ್ದನ್ನು ವಾಪಸ್ಸು ಕೇಳುವವಳ ಹಾಗೆ. ಸಾರ್ ಚಿಮಟವನ್ನು ಶೀಶೆಯ ಬಾಯಿಗೂ ಅಮ್ಮನ ಅಂಗೈಗೂ ನಡುವೆ ಹಿಡಿದೇ ನಿಂತರು. ಚೂರು ಬಿದ್ದರೆ ಮತ್ತೆ ಸಿಗುವುದಿಲ್ಲ ಎಂದು ಹೆದರಿ ನಾನೇ ಅವರ ಕೈಯಿಂದ ಚಿಮಟ ತೆಗೆದುಕೊಂಡೆ. ಅವರು ಬಿಟ್ಟರು. ಅಮ್ಮನ ಅಂಗೈಯಲ್ಲಿ ಅದನ್ನು ಇಳಿಸಿದೆ. ಕಲ್ಲು ಅರೆದು ಅರೆದು ಬಿರುಕು ಬಿಟ್ಟ ಆ ಅಂಗೈಯಲ್ಲಿ ಚೂರು ಎಲ್ಲಿ ಕೂತಿತೋ ನನಗೆ ಕಾಣಿಸಲಿಲ್ಲ. ಅವಳಿಗೆ ಕಾಣಿಸುತ್ತಿತ್ತು.

"ಈಗ ಇದನ್ನ ಕತ್ತರಿಸು" ಎಂದು ಇನ್ನೊಂದು ಕೈಯ ಬೆರಳು ಮುಂದೆ ಮಾಡಿದಳು.

ತಂತಿ ಕತ್ತರಿಸುವ ಇಕ್ಕಳ ತಂದೆ. ಒಂದೇ ಒತ್ತಿಗೆ ಉಂಗುರ ತುಂಡಾಯಿತು, ಅಷ್ಟು ಸವೆದಿತ್ತು. ಅದನ್ನೂ ಚೂರನ್ನೂ ತೂಕದ ಕಾಗದದಲ್ಲಿ ಮಡಚಿ ಅವಳ ಕೈಗೆ ಕೊಟ್ಟೆ. ಬೆರಳಿನ ಮೇಲೆ ಬಿಳಿಚಿಕೊಂಡ ಗೆರೆ ಉಳಿದಿತ್ತು, ಅಪ್ಪ ಹೋದಾಗಲೂ ಇರದಿದ್ದ ಗೆರೆ. ನನ್ನ ಕೋಪ ಇನ್ನೂ ಇಳಿದಿರಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಈಗ ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಅಮ್ಮ ಬಟ್ಟೆ ಮಡಚಿ, ನೆಲದ ಮೇಲೆ ಚೆಲ್ಲಿದ್ದ ಮರಳನ್ನು ಗುಡಿಸಿ, ಜರಡಿ ಎತ್ತಿಕೊಂಡಳು.

"ಬಾ" ಎಂದಳು. "ಕೆಳಗಡೆ ಇನ್ನೂ ಇಬ್ಬರು ಹೆಂಗಸರಿದ್ದಾರೆ, ಅವರ ಕೈಯಲ್ಲೂ ಉಂಗುರ ಇದೆ. ಪಾಠ ನೀನೇ ಹೇಳು."

ನಾನು ಅವಳ ಹಿಂದೆ ಮೆಟ್ಟಿಲಿಳಿದೆ.